ಜೋಗಿಮಟ್ಟಿಯ ಇಳಿಜಾರಿನಲ್ಲಿ ದಿಂಡಿಗದ ಮರವನ್ನು ಗುರುತಿಸುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಚಿತ್ರದುರ್ಗದ ಊರಾಚೆ, ಆಡುಮಲ್ಲೇಶ್ವರವನ್ನು ದಾಟಿ ಜೋಗಿಮಟ್ಟಿಯ ಕಡೆಗೆ ಏರುವಾಗ, ಮುಳ್ಳುಕಂಟಿಗಳು ಹಿಂದೆ ಸರಿದು ಕಾಡು ತುಸು ಎತ್ತರವಾಗುವ ಒಂದು ಮಟ್ಟ ಬರುತ್ತದೆ. ಅಲ್ಲಿಂದಾಚೆಗೆ ಇಳಿಜಾರಿನ ಉದ್ದಕ್ಕೂ ಬೂದುಬಿಳಿ ಬಣ್ಣದ, ಸುಣ್ಣದ ನೀರು ಬಳಿದಂತೆ ಕಾಣುವ ಕಾಂಡಗಳು ಒಂದರ ಹಿಂದೊಂದು ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಹೆಚ್ಚಿನವು ದಿಂಡಿಗದ ಮರಗಳು, ಆದರೆ ಎಲ್ಲವೂ ಅಲ್ಲ. ಬಿಳಿ ಕಾಂಡದ ಮರಗಳು ನಮ್ಮ ಒಣಕಾಡುಗಳಲ್ಲಿ ಐದಾರು ಬಗೆಯವು ಇರುವುದರಿಂದ, ಕಾಂಡದ ಬಣ್ಣವೊಂದನ್ನೇ ನಂಬಿ ಹೆಸರಿಟ್ಟವರು ತಪ್ಪುವುದು ಬಹುಮಟ್ಟಿಗೆ ಖಚಿತ. ನಾನೂ ಹಾಗೆ ತಪ್ಪಿದವನೇ. ಆದ್ದರಿಂದ ಈ ಬರಹದಲ್ಲಿ ನೆಲ, ರೂಪ, ಸಿಪ್ಪೆ, ಎಲೆ, ಕಾಯಿ ಎಂಬ ಕ್ರಮದಲ್ಲಿ ಮರವನ್ನು ಪರೀಕ್ಷಿಸುವ ವಿಧಾನವನ್ನು ವಿವರಿಸಿದ್ದೇನೆ. ಈ ಕ್ರಮಕ್ಕೆ ಕಾರಣವಿದೆ: ಮೊದಲಿನ ಗುರುತುಗಳು ದೂರದಿಂದಲೇ ಕಾಣುತ್ತವೆ ಆದರೆ ಮೋಸಗೊಳಿಸಬಲ್ಲವು, ಕೊನೆಯ ಗುರುತುಗಳಿಗೆ ಮರದ ಬುಡಕ್ಕೇ ಹೋಗಬೇಕು, ಆದರೆ ಅವು ಸುಳ್ಳು ಹೇಳುವುದಿಲ್ಲ.

ಹೆಸರುಗಳ ಬಗ್ಗೆ ಒಂದು ಮಾತು

ನಮ್ಮ ಸೀಮೆಯಲ್ಲಿ ಇದಕ್ಕೆ ದಿಂಡಿಗ ಅಥವಾ ದಿಂಡಲು ಎನ್ನುತ್ತಾರೆ; ಕೆಲವೆಡೆ ಬೆಜ್ಜಲು ಎಂಬ ಹೆಸರೂ ಉಂಟು. ಮೊಳಕಾಲ್ಮೂರಿನ ಕಡೆಯ ತೆಲುಗು ಮಾತಿನವರಿಗೆ ಇದು ಚಿರುಮಾನು. ಸಂಸ್ಕೃತದಲ್ಲಿ ಧವ, ಹಿಂದಿ ಸೀಮೆಯಲ್ಲಿ ಧಾವಡಾ. ಸಸ್ಯಶಾಸ್ತ್ರದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಹೆಸರು ಅನೋಗೈಸಸ್ ಲ್ಯಾಟಿಫೋಲಿಯಾ. 2017ರಲ್ಲಿ ಸಸ್ಯವಿಜ್ಞಾನಿಗಳು ಅನೋಗೈಸಸ್ ಕುಲವನ್ನು ಮತ್ತಿ, ತಾರೆ, ಅಳಲೆಗಳು ಸೇರಿರುವ ಟರ್ಮಿನೇಲಿಯಾ ಕುಲದೊಳಗೆ ಸೇರಿಸಿದ್ದರಿಂದ ಈಗ ಇದಕ್ಕೆ ಟರ್ಮಿನೇಲಿಯಾ ಅನೋಗೈಸಿಯಾನಾ ಎಂಬ ಹೆಸರು ಬಂದಿದೆ. ಹಳೆಯ ಪುಸ್ತಕಗಳಲ್ಲಿ ಒಂದು ಹೆಸರನ್ನೂ ಹೊಸ ಪಟ್ಟಿಗಳಲ್ಲಿ ಇನ್ನೊಂದನ್ನೂ ಕಂಡು ಇವು ಎರಡು ಬೇರೆ ಮರಗಳೆಂದು ಭಾವಿಸಬಾರದು. ಮತ್ತಿಯ ಬಳಗಕ್ಕೆ ಸೇರಿದ ಮರ ಎಂಬ ಸಂಗತಿಯನ್ನು ಮಾತ್ರ ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಕಾಯಿಯ ರೆಕ್ಕೆಗಳನ್ನು ನೋಡುವಾಗ ಅದು ಉಪಯೋಗಕ್ಕೆ ಬರುತ್ತದೆ.

ಯಾವಾಗ ಹೋಗಬೇಕು

ಡಿಸೆಂಬರ್ ಮತ್ತು ಜನವರಿ, ಅಂದರೆ ಮಾರ್ಗಶಿರ ಪುಷ್ಯ ಮಾಸಗಳ ಅವಧಿ, ಮೊದಲ ಬಾರಿಗೆ ಈ ಮರವನ್ನು ಗುರುತಿಸಲು ಹೊರಟವರಿಗೆ ಅತ್ಯುತ್ತಮವಾದದ್ದು. ಆಗ ಕಾಯಿಗಳು ಕೊಂಬೆಯಲ್ಲೇ ಇರುತ್ತವೆ, ಎಲೆಗಳು ಉದುರುವ ಮುನ್ನ ತಾಮ್ರಗೆಂಪಿಗೆ ತಿರುಗತೊಡಗಿರುತ್ತವೆ, ಹುಲ್ಲು ಒಣಗಿ ದಾರಿ ತೆರೆದಿರುತ್ತದೆ. ಫೆಬ್ರವರಿ ಕಳೆಯುವ ಹೊತ್ತಿಗೆ ಮರ ಬೋಳಾಗುತ್ತದೆ, ಬೇಸಿಗೆಯ ಮಳೆ ಬಿದ್ದ ಮೇಲೆಯೇ ಮತ್ತೆ ಚಿಗುರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೂವಿನ ಕಾಲ. ಏಪ್ರಿಲ್‌ನ ಬೋಳು ಮರವನ್ನು ನೋಡಿ ನಿರ್ಣಯಕ್ಕೆ ಬರುವುದು ಅನುಭವಿಗಳಿಗೂ ಕಷ್ಟ. ಆ ತಿಂಗಳಲ್ಲಿ ಹೋದರೆ ನೆಲದ ಮೇಲೆ ಬಿದ್ದಿರುವ ಒಣ ಕಾಯಿಗುಚ್ಛಗಳನ್ನು ಹುಡುಕುವುದೊಂದೇ ದಾರಿ.

ಒಂದು ಭೂತಗನ್ನಡಿ, ಒಂದು ಅಳತೆ ಟೇಪು, ನೋಟ್‌ಬುಕ್ಕು, ಪೆನ್ಸಿಲ್ಲು, ಸಾಧ್ಯವಿದ್ದರೆ ದುರ್ಬೀನು. ಇಷ್ಟು ಸಾಕು. ಕತ್ತಿ, ಮಚ್ಚು ಬೇಡ. ಜೋಗಿಮಟ್ಟಿ ವನ್ಯಜೀವಿಧಾಮವಾಗಿರುವುದರಿಂದ ಒಳಹೋಗಲು ಅರಣ್ಯ ಇಲಾಖೆಯ ಅನುಮತಿಯನ್ನು ಪಡೆಯಲೇಬೇಕು, ಹಸಿರು ಕೊಂಬೆಯನ್ನು ಮುರಿಯುವಂತಿಲ್ಲ. ಕರಡಿ, ಚಿರತೆಗಳು ಇರುವ ಬೆಟ್ಟವಾದ್ದರಿಂದ ಒಬ್ಬರೇ ಹೋಗಬೇಡಿ. ಬೆಳಗಿನ ಹೊತ್ತು ಹತ್ತಿ, ಬಿಸಿಲಿಳಿಯುವ ಮುನ್ನ ಕೆಳಗಿರಿ.

ಮೊದಲ ಹಂತ: ಮರಕ್ಕಿಂತ ಮುಂಚೆ ನೆಲವನ್ನು ನೋಡಿ

ಮರ ಎಲ್ಲಿ ನಿಂತಿದೆ ಎಂಬುದು ಅದು ಯಾವುದು ಎಂಬುದಕ್ಕೆ ಅರ್ಧ ಉತ್ತರ. ದಿಂಡಿಗಕ್ಕೆ ನೀರು ನಿಲ್ಲುವ ನೆಲ ಒಗ್ಗುವುದಿಲ್ಲ. ಮಳೆನೀರು ಬೇಗ ಹರಿದುಹೋಗುವ ಇಳಿಜಾರು, ಕಲ್ಲುಮಿಶ್ರಿತ ಕೆಂಪು ಗರಸು ಮಣ್ಣು, ಬಂಡೆಯ ಸೀಳುಗಳು, ಬೆಟ್ಟದ ಏಣು, ಇವು ಅದರ ಜಾಗ. ಬಿಸಿಲನ್ನು ಬಯಸುವ ಮರ ಇದಾಗಿರುವುದರಿಂದ ದಟ್ಟ ನೆರಳಿನ ಕಣಿವೆಯ ತಳದಲ್ಲಿ ವಿರಳ. ಹಿರಿಯೂರು, ಚಳ್ಳಕೆರೆಗಳ ಎರೆಭೂಮಿಯಲ್ಲಿ ಇದನ್ನು ಹುಡುಕುವುದು ವ್ಯರ್ಥ. ಭದ್ರಾ ನಾಲೆಯ ನೀರು ಹರಿಯುವ ದಾವಣಗೆರೆ ಸುತ್ತಲಿನ ಗದ್ದೆಬಯಲಿನಲ್ಲೂ ಇದಕ್ಕೆ ಸ್ಥಾನವಿಲ್ಲ. ದಾವಣಗೆರೆಯ ಕಡೆಯವರು ಒಣಕಾಡನ್ನು ನೋಡಬೇಕಾದರೆ ಜಗಳೂರು ತಾಲ್ಲೂಕಿನ ಗುಡ್ಡಗಳತ್ತ, ಅಂದರೆ ಕೊಂಡುಕುರಿಗಳಿಗಾಗಿ 2011ರಲ್ಲಿ ಘೋಷಿಸಲಾದ ರಂಗಯ್ಯನದುರ್ಗ ವನ್ಯಜೀವಿಧಾಮದತ್ತ ಹೋಗುವುದು ಸೂಕ್ತ.

ಚಿತ್ರದುರ್ಗದ ನೆಲ ಎರಡು ಬಗೆಯದು ಎಂಬುದನ್ನು ಇಲ್ಲಿ ಗಮನಿಸಬೇಕು. ಏಳುಸುತ್ತಿನ ಕೋಟೆ ನಿಂತಿರುವುದು ದುಂಡುಬಂಡೆಗಳ ಗ್ರಾನೈಟ್ ಗುಡ್ಡಗಳ ಮೇಲೆ. ಅಲ್ಲಿ ಬಂಡೆಗಳ ನಡುವಿನ ಸಂದುಗಳಲ್ಲಿ ಮಾತ್ರ ಮಣ್ಣು, ಆ ಸಂದಿನಲ್ಲಿ ಬೇರುಬಿಟ್ಟ ಒಂಟಿ ಮರಗಳು. ಜೋಗಿಮಟ್ಟಿಯ ಸಾಲು ಹಾಗಲ್ಲ. ಗದಗದ ಕಡೆಯಿಂದ ದಕ್ಷಿಣಕ್ಕೆ ಶ್ರೀರಂಗಪಟ್ಟಣದವರೆಗೆ ಹಬ್ಬಿರುವ, ಭೂವಿಜ್ಞಾನಿಗಳು ಚಿತ್ರದುರ್ಗ ಶಿಸ್ಟ್ ಪಟ್ಟಿ ಎಂದು ಕರೆಯುವ ಪುರಾತನ ಶಿಲೆಗಳ ಸಾಲಿನ ಒಂದು ತುಣುಕು ಅದು. ಅಲ್ಲಿ ಕಲ್ಲು ಪದರಪದರವಾಗಿ ಒಡೆದು ಇಳಿಜಾರನ್ನೆಲ್ಲ ತೆಳುವಾದ ಮಣ್ಣಿನ ಹೊದಿಕೆಯಿಂದ ಮುಚ್ಚಿರುವುದರಿಂದ ಮರಗಳು ಕಾಡಾಗಿ ಹಬ್ಬಲು ಸಾಧ್ಯವಾಗಿದೆ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರಕ್ಕೆ ಏರುವ ಈ ಬೆಟ್ಟದ ನೆತ್ತಿಗೆ ಮುಂಗಾರಿನ ಮೋಡಗಳು ತಾಕುವುದರಿಂದ ಕೆಳಗಿನ ಬಯಲಿಗಿಂತ ಅಲ್ಲಿ ತಂಪು ಹೆಚ್ಚು.

ಹತ್ತುವಾಗ ಗಿಡಮರಗಳು ಬದಲಾಗುವ ಕ್ರಮವನ್ನು ಬರೆದುಕೊಳ್ಳುತ್ತಾ ಹೋಗಿ. ಬುಡದಲ್ಲಿ ಜಾಲಿ, ಕಾರೆ, ಬಂದರಿಕೆ, ಲಂಟಾನ. ಆಮೇಲೆ ಕಗ್ಗಲಿ, ತೂಪ್ರ, ಮುತ್ತುಗ, ಕಕ್ಕೆ ಸೇರಿಕೊಳ್ಳುತ್ತವೆ. ಇವುಗಳ ನಡುವೆ ಮತ್ತಿ, ಹೊನ್ನೆಗಳು ಕಾಣಿಸಿಕೊಂಡರೆ ನೀವು ದಿಂಡಿಗದ ನೆರೆಹೊರೆಯನ್ನು ತಲುಪಿದ್ದೀರಿ ಎಂದು ತಿಳಿಯಿರಿ. ಅರಣ್ಯಶಾಸ್ತ್ರದಲ್ಲಿ ಇಂತಹ ಕಾಡನ್ನು ದಕ್ಷಿಣದ ಒಣ ಎಲೆಯುದುರುವ ಕಾಡು ಎನ್ನುತ್ತಾರೆ. ದಿಂಡಿಗ ಈ ಬಗೆಯ ಕಾಡುಗಳ ಮುಖ್ಯ ಮರಗಳಲ್ಲಿ ಒಂದು; ಹಿಮಾಲಯದ ತಪ್ಪಲಿನ ಶಿವಾಲಿಕ ಬೆಟ್ಟಗಳಿಂದ ಹಿಡಿದು ಮಧ್ಯಭಾರತ, ದಖ್ಖನ್ನುಗಳನ್ನು ದಾಟಿ ಶ್ರೀಲಂಕೆಯ ಒಣಸೀಮೆಯವರೆಗೆ ಅದು ಹರಡಿದೆ.

ಎರಡನೆಯ ಹಂತ: ದೂರದಿಂದ ಕಾಣುವ ರೂಪ

ಒಳ್ಳೆಯ ಮಣ್ಣಿನಲ್ಲಿ 20 ಮೀಟರಿನವರೆಗೆ ಬೆಳೆಯಬಲ್ಲ ಮರವಾದರೂ ನಮ್ಮ ಬೆಟ್ಟಗಳಲ್ಲಿ ಅದು ಅದರ ಅರ್ಧದಷ್ಟು ಎತ್ತರಕ್ಕೆ ನಿಲ್ಲುವುದೇ ಹೆಚ್ಚು. ದೊಡ್ಡ ಕೊಂಬೆಗಳು ಮೇಲಕ್ಕೆ ಚಾಚಿದರೂ ತುದಿಯ ಸಣ್ಣ ರೆಂಬೆಗಳು ತೆಳುವಾಗಿ ಕೆಳಕ್ಕೆ ಬಾಗಿರುತ್ತವೆ. ಗಾಳಿ ಬೀಸಿದಾಗ ಮರದ ಅಂಚೆಲ್ಲ ಓಲಾಡಿದಂತೆ ಕಾಣುವುದು ಇದರಿಂದ. ಜನವರಿಯ ಬೆಳಗಿನಲ್ಲಿ ಎದುರಿನ ದಿಣ್ಣೆಯಿಂದ ನೋಡಿದರೆ ಕಂದುಹಸಿರಿನ ನಡುವೆ ತಾಮ್ರದ ಬಣ್ಣದ ತೇಪೆಗಳು ಕಾಣಿಸುತ್ತವೆ, ದುರ್ಬೀನು ಇಟ್ಟುಕೊಂಡು ಆ ತೇಪೆಗಳತ್ತ ಹೊರಳಿಸಿ ನೋಡಿದರೆ ಬಿಳಿ ಕಾಂಡಗಳು ಸ್ಪಷ್ಟವಾಗುತ್ತವೆ.

ಇನ್ನೊಂದು ಲಕ್ಷಣ ನಮ್ಮ ಕಾಡಿನ ಚರಿತ್ರೆಗೆ ಸಂಬಂಧಿಸಿದ್ದು. ಒಂದೇ ಬುಡದಿಂದ ಮೂರು ನಾಲ್ಕು ಕಾಂಡಗಳು ಎದ್ದಿರುವ ದಿಂಡಿಗಗಳು ಇಲ್ಲಿ ಹೇರಳ. ಅವು ಹುಟ್ಟಿನಿಂದ ಹಾಗಲ್ಲ. ಹಿಂದೆ ಯಾವಾಗಲೋ ಸೌದೆಗೋ ಇದ್ದಿಲಿಗೋ ಕಡಿದ ಮರದ ಬುಡ ಮತ್ತೆ ಚಿಗುರಿದ್ದರ ಫಲ ಅದು. ಕಡಿದರೂ ಚಿಗುರುವ ಶಕ್ತಿ ದಿಂಡಿಗಕ್ಕೆ ಚೆನ್ನಾಗಿದೆ, ಬೀಜದಿಂದ ಮೊಳೆಯುವ ಶಕ್ತಿ ಮಾತ್ರ ತೀರಾ ಕಡಿಮೆ. ಅದರ ಕಾಯಿಗಳಲ್ಲಿ ಬಹುಪಾಲು ಜೊಳ್ಳು. ಆದ್ದರಿಂದ ಬೇರುಸಮೇತ ಹೋದ ಒಂದು ಮರದ ಜಾಗಕ್ಕೆ ಇನ್ನೊಂದು ಬರುವುದು ಬಹಳ ನಿಧಾನ. ಕವಲೊಡೆದ ಬುಡಗಳನ್ನು ಕಂಡಾಗಲೆಲ್ಲ ಎಷ್ಟು ಕಾಂಡಗಳಿವೆ ಎಂದು ಎಣಿಸಿ ಬರೆದಿಡಿ ಎಂದು ನಾನು ಕೇಳಿಕೊಳ್ಳುವುದು ಇದಕ್ಕಾಗಿಯೇ. ಆ ಕಾಡು ಎಷ್ಟು ಕೊಡಲಿ ಕಂಡಿದೆ ಎಂಬುದರ ಲೆಕ್ಕ ಅದರಲ್ಲಿದೆ.

ಮೂರನೆಯ ಹಂತ: ಸಿಪ್ಪೆ

ಹತ್ತಿರ ಹೋಗಿ ಅಂಗೈಯನ್ನು ಕಾಂಡದ ಮೇಲಿಡಿ. ದಿಂಡಿಗದ ಸಿಪ್ಪೆ ನುಣುಪು. ಬೂದುಬಿಳಿ ಮುಖ್ಯ ಬಣ್ಣ, ಅದರಲ್ಲಿ ಅಲ್ಲಲ್ಲಿ ಹಸಿರು ಛಾಯೆಯ, ಅಲ್ಲಲ್ಲಿ ಕಂದು ಛಾಯೆಯ ಮಚ್ಚೆಗಳು. ಹೊರಪದರ ತೆಳುವಾದ ಚಿಕ್ಕಚಿಕ್ಕ ಚಕ್ಕೆಗಳಾಗಿ ತಾನೇ ಕಳಚಿಕೊಳ್ಳುತ್ತದೆ, ಚಕ್ಕೆ ಬಿದ್ದಲ್ಲಿ ಹೆಬ್ಬೆರಳು ಒತ್ತಿದಂತಹ ಆಳವಿಲ್ಲದ ತಗ್ಗು ಉಳಿಯುತ್ತದೆ. ಈ ತಗ್ಗುಗಳೇ ಮುಖ್ಯ. ಬಿಸಿಲು ಓರೆಯಾಗಿ ಬೀಳುವ ಬೆಳಗಿನ ಎಂಟು ಒಂಬತ್ತು ಗಂಟೆಗೆ ಅವುಗಳ ಅಂಚಿನ ನೆರಳು ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಅದೇ ಕಾಂಡ ಸಮತಟ್ಟಾಗಿ ತೋರುತ್ತದೆ. ಮುದಿಮರದ ಬುಡದಲ್ಲಿ ಸಿಪ್ಪೆ ಕಪ್ಪಾಗಿ ಒರಟಾಗಿರಬಹುದು, ಬೆಂಕಿ ಹಾಯ್ದ ಕಡೆ ಮಸಿ ಹಿಡಿದಿರಬಹುದು. ಹಾಗಿದ್ದಲ್ಲಿ ಎದೆಯೆತ್ತರಕ್ಕಿಂತ ಮೇಲಿನ ಭಾಗವನ್ನು ನೋಡಿ.

ಚಕ್ಕೆಯನ್ನು ಉಗುರಿನಿಂದ ಎಬ್ಬಿಸಬೇಡಿ. ಬುಡದಲ್ಲಿ ಬಿದ್ದಿರುವುದನ್ನು ಎತ್ತಿಕೊಂಡರೆ ಸಾಕು.

ಇಲ್ಲಿಯೇ ನಾನು ಮೊದಲು ತಪ್ಪಿದ್ದು. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ದಿನಗಳಲ್ಲಿ ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ದು, ನುಣುಪಾದ ಬಿಳಿ ಕಾಂಡದ ಮರವೊಂದರ ಮುಂದೆ ನಿಲ್ಲಿಸಿ, ಇದು ದಿಂಡಿಗ ಎಂದು ವಿವರಿಸುತ್ತಿದ್ದೆ. ಅಲ್ಲೇ ಬಂಡೆಯ ಮೇಲೆ ಕುಳಿತಿದ್ದ ಕುರಿಗಾಹಿ ಹಿರಿಯರೊಬ್ಬರು ಸ್ವಲ್ಪ ಹೊತ್ತು ಕೇಳಿಸಿಕೊಂಡು ಎದ್ದುಬಂದರು. "ಮೇಷ್ಟ್ರೇ, ಸಿಪ್ಪೆ ನೋಡಿ ಮರ ಹೇಳಬ್ಯಾಡ್ರಿ. ಎಳೆ ರೆಂಬೆ ಬೆರಳಾಗೆ ಹಿಡ್ದು ತಿರುವಿ ನೋಡ್ರಿ. ಚೌಕ ಐತೆ. ಇದು ಚನ್ನಂಗಿ. ದಿಂಡಿಗ ಆಗಿದ್ರೆ ಗುಂಡಗಿರ್ತಿತ್ತು" ಎಂದರು. ಬಾಗಿದ ರೆಂಬೆಯ ತುದಿಯನ್ನು ಬೆರಳುಗಳ ನಡುವೆ ಹಿಡಿದು ತಿರುವಿದೆ, ನಾಲ್ಕು ಏಣುಗಳು ಒಂದೊಂದಾಗಿ ಬೆರಳಿಗೆ ತಾಕಿದವು. ಮಕ್ಕಳೆಲ್ಲರೂ ಸರದಿಯಲ್ಲಿ ಬಂದು ತಿರುವಿ ನೋಡಿದರು. ಅಂದಿನಿಂದ ಬಿಳಿ ಸಿಪ್ಪೆಯ ಯಾವ ಮರವನ್ನೇ ಕಂಡರೂ ನನ್ನ ಕೈ ಮೊದಲು ಹೋಗುವುದು ರೆಂಬೆಯ ತುದಿಗೆ.

ನಾಲ್ಕನೆಯ ಹಂತ: ಎಲೆ

ದಿಂಡಿಗದ್ದು ಒಂಟಿ ಎಲೆ. ಬೇವಿನಂತೆ, ಕಗ್ಗಲಿಯಂತೆ ಎಸಳುಗಳಾಗಿ ಒಡೆದದ್ದಲ್ಲ. ಉದ್ದ ಸಾಮಾನ್ಯವಾಗಿ 4ರಿಂದ 9 ಸೆಂಟಿಮೀಟರ್, ಅಗಲ ಅದರ ಅರ್ಧ ಅಥವಾ ತುಸು ಹೆಚ್ಚು. ಆಕಾರ ಅಂಡಾಕಾರಕ್ಕೆ ಹತ್ತಿರ, ಅಂಚಿನಲ್ಲಿ ಹಲ್ಲುಗಳಿಲ್ಲ, ತುದಿ ಮೊಂಡು, ಕೆಲವೊಮ್ಮೆ ಆ ಮೊಂಡು ತುದಿಯಲ್ಲಿ ಚಿಕ್ಕದೊಂದು ಕಚ್ಚು. ತೊಟ್ಟು ಗಿಡ್ಡ. ನಡುನರದಿಂದ ಎರಡೂ ಬದಿಗೆ ಹೊರಡುವ ನರಗಳು ಎಲೆಯ ಹಿಂಬದಿಯಲ್ಲಿ ಸ್ಪಷ್ಟವಾಗಿ ಉಬ್ಬಿರುತ್ತವೆ.

ಎಲೆಗಳ ಜೋಡಣೆಯನ್ನು ತಾಳ್ಮೆಯಿಂದ ನೋಡಬೇಕು. ಒಂದೇ ರೆಂಬೆಯಲ್ಲಿ ಕೆಲವು ಎಲೆಗಳು ಸರಿಯಾಗಿ ಎದುರುಬದುರಾಗಿರುತ್ತವೆ, ಕೆಲವು ಒಂದಕ್ಕಿಂತ ಇನ್ನೊಂದು ಕೂದಲೆಳೆಯಷ್ಟು ಮೇಲೆ ಕೆಳಗೆ, ಇನ್ನು ಕೆಲವು ಪೂರ್ತಿ ಪರ್ಯಾಯವಾಗಿ. ಹೊಸಬರು ಇದನ್ನು ಕಂಡು ಎರಡು ಬೇರೆ ಮರಗಳ ಕೊಂಬೆಗಳು ಹೆಣೆದುಕೊಂಡಿವೆ ಎಂದುಕೊಳ್ಳುವುದುಂಟು. ಈ ಅನಿಶ್ಚಿತ ಜೋಡಣೆಯೇ ದಿಂಡಿಗದ ಲಕ್ಷಣ ಎಂದು ತಿಳಿದರೆ ಗೊಂದಲ ನಿವಾರಣೆಯಾಗುತ್ತದೆ. ಕನಿಷ್ಠ ಹತ್ತು ಜೋಡಿಗಳನ್ನು ನೋಡದೆ ಜೋಡಣೆಯ ಬಗ್ಗೆ ಏನನ್ನೂ ಬರೆಯಬೇಡಿ.

ಚಿಗುರಿನ ಕಾಲದಲ್ಲಿ ಭೂತಗನ್ನಡಿ ಹಿಡಿದರೆ ಎಳೆಯ ಎಲೆಯ ಎರಡೂ ಮೈಮೇಲೆ ರೇಷ್ಮೆಯಂತಹ ನವಿರಾದ ರೋಮ ಕಾಣುತ್ತದೆ, ಬಲಿತಂತೆ ಅದು ಬಹುಮಟ್ಟಿಗೆ ಉದುರಿಹೋಗುತ್ತದೆ. ಆಮೇಲೆ ತೊಟ್ಟು ಎಲೆಯನ್ನು ಸೇರುವ ಜಾಗವನ್ನು ನೋಡಿ. ಮತ್ತಿ ಮತ್ತು ಹೊಳೆಮತ್ತಿಗಳಲ್ಲಿ ಆ ಆಸುಪಾಸಿನಲ್ಲಿ ಸಾಮಾನ್ಯವಾಗಿ ಒಂದೆರಡು ಸಣ್ಣ ಗಂಟಿನಂತಹ ಗ್ರಂಥಿಗಳಿರುತ್ತವೆ. ದಿಂಡಿಗದಲ್ಲಿ ಅವು ಇರುವುದಿಲ್ಲ. ಬರಿಗಣ್ಣಿಗೆ ಸುಲಭವಾಗಿ ತಪ್ಪಿಹೋಗುವ ಈ ಒಂದು ಸಂಗತಿ ಬಳಗದೊಳಗಿನ ಮರಗಳನ್ನು ಬೇರ್ಪಡಿಸಲು ತುಂಬ ಸಹಾಯಕ.

ಎಲೆಯಲ್ಲಿ ಟ್ಯಾನಿನ್ ಅಂಶ ಹೆಚ್ಚು. ಕಬ್ಬಿಣದೊಂದಿಗೆ ಸೇರಿದಾಗ ಅದು ಕಪ್ಪಾಗುವುದರಿಂದ ಹಿಂದಿನಿಂದಲೂ ಬಣ್ಣಗಾರಿಕೆಗೆ, ಚರ್ಮ ಹದಮಾಡುವುದಕ್ಕೆ ಇದರ ಎಲೆಯ ಬಳಕೆ ಇದೆ. ಬಿದ್ದ ಎಲೆಗಳನ್ನು ನೀರಿನಲ್ಲಿ ನೆನೆಸಿ ತುಕ್ಕುಹಿಡಿದ ಮೊಳೆಯೊಂದನ್ನು ಹಾಕಿಟ್ಟರೆ ನೀರು ಮಸಿಯಂತಾಗುವುದನ್ನು ಮನೆಯಲ್ಲೇ ನೋಡಬಹುದು. ಇದನ್ನು ಗುರುತಿನ ಪರೀಕ್ಷೆಯೆಂದು ಮಾತ್ರ ತಿಳಿಯಬೇಡಿ. ಮತ್ತಿ, ಅಳಲೆಗಳೂ ಇದೇ ಫಲಿತಾಂಶ ಕೊಡುತ್ತವೆ.

ಐದನೆಯ ಹಂತ: ಹೂವು ಮತ್ತು ಕಾಯಿ

ಇದು ನಿರ್ಣಾಯಕ ಹಂತ. ಇದರಲ್ಲಿ ಸರಿಹೋದರೆ ಉಳಿದ ಗುರುತುಗಳಲ್ಲಿ ಸಣ್ಣಪುಟ್ಟ ಅನುಮಾನವಿದ್ದರೂ ಮರ ದಿಂಡಿಗವೇ.

ಮಳೆಗಾಲದಲ್ಲಿ ಎಲೆಯ ಕಂಕುಳಿನಿಂದ ತೆಳುವಾದ ತೊಟ್ಟು ಹೊರಟು ಅದರ ತುದಿಯಲ್ಲಿ ಹಸಿರುಹಳದಿ ಬಣ್ಣದ ಪುಟ್ಟ ಚೆಂಡು ಮೂಡುತ್ತದೆ. ಆ ಚೆಂಡು ಒಂದು ಹೂವಲ್ಲ, ಹತ್ತಾರು ಹೂವುಗಳ ಒತ್ತೊತ್ತಾದ ಗುಂಪು. ಬಿಡಿ ಹೂವಿಗೆ ದಳಗಳೇ ಇಲ್ಲ. ಐದು ಹಾಲೆಗಳ ಪುಷ್ಪಪಾತ್ರೆ, ಅದರಿಂದ ಹೊರಚಾಚಿದ ಹತ್ತು ಕೇಸರಗಳು, ಇಷ್ಟೇ. ಚೆಂಡಿನ ಮೈ ಕೂದಲು ನಿಮಿರಿದಂತೆ ಕಾಣುವುದು ಆ ಕೇಸರಗಳಿಂದ.

ಚಳಿಗಾಲಕ್ಕೆ ಆ ಚೆಂಡು ಕಾಯಿಗಳ ಉಂಡೆಯಾಗುತ್ತದೆ. ಗೋಲಿಗಿಂತ ಚಿಕ್ಕದಾದ ಒಂದು ಉಂಡೆಯನ್ನು ನೆಲದಿಂದ ಎತ್ತಿ ಅಂಗೈಮೇಲಿಟ್ಟುಕೊಂಡು ಭೂತಗನ್ನಡಿಯಲ್ಲಿ ನೋಡಿ. ಮನೆಯ ಮಾಡಿಗೆ ಹೆಂಚು ಹೊದಿಸಿದಂತೆ ಕಾಯಿಗಳು ಒಂದರ ಮೇಲೊಂದು ಒತ್ತಿಕೊಂಡಿರುತ್ತವೆ. ಅನೋಗೈಸಸ್ ಎಂಬ ಹೆಸರನ್ನು ಕಟ್ಟಿರುವುದೇ ಮೇಲ್ಮುಖವಾದ ಹೆಂಚು ಎಂಬ ಅರ್ಥದ ಗ್ರೀಕ್ ಪದಗಳಿಂದ. ಒಮ್ಮೆ ಈ ಉಂಡೆಯನ್ನು ಕಂಡವರಿಗೆ ಆ ಹೆಸರು ಮರೆಯುವುದಿಲ್ಲ. ಈಗ ಎರಡು ಬೆರಳುಗಳ ನಡುವೆ ಮೆಲ್ಲನೆ ಹಿಸುಕಿ. ಬಲಿತ ಉಂಡೆಯಾದರೆ ಪುಡಿಪುಡಿಯಾಗಿ ಉದುರಿ, ಅರ್ಧ ಸೆಂಟಿಮೀಟರ್ ಗಾತ್ರದ ಬಿಡಿ ಕಾಯಿಗಳು ಅಂಗೈಯಲ್ಲಿ ಉಳಿಯುತ್ತವೆ. ಒಂದೊಂದು ಕಾಯಿಗೂ ಎಡಕ್ಕೊಂದು ಬಲಕ್ಕೊಂದು ರೆಕ್ಕೆ, ನೆತ್ತಿಯಲ್ಲಿ ಹಕ್ಕಿಯ ಕೊಕ್ಕಿನಂತಹ ಒಂದು ಚೂಪು. ಎರಡು ರೆಕ್ಕೆ, ಒಂದು ಕೊಕ್ಕು: ಇದು ದಿಂಡಿಗದ ಮುದ್ರೆ. ಈ ಕಾಯಿಗಳು ಎಷ್ಟು ಹಗುರವೆಂದರೆ ಒಂದು ಕಿಲೋ ತೂಕಕ್ಕೆ ಲಕ್ಷಕ್ಕೂ ಮಿಕ್ಕಿ ಬೇಕಾಗುತ್ತವೆ. ಹಾಗಾಗಿ ಗಾಳಿಗೆ ಬೆನ್ನುಕೊಟ್ಟು ನಿಂತು ಈ ಕೆಲಸ ಮಾಡಿ.

ಹಿಸುಕುವುದಕ್ಕೆ ಬಿದ್ದ ಉಂಡೆಯೊಂದೇ ಸಾಕು. ಉಳಿದವನ್ನು ನೆಲದಲ್ಲೇ ಬಿಡಿ. ಜೊಳ್ಳಿನ ನಡುವೆ ಗಟ್ಟಿಯಿರುವ ಅಪರೂಪದ ಬೀಜ ಯಾವುದರಲ್ಲಿದೆಯೋ ನಮಗೆ ಕಾಣುವುದಿಲ್ಲ.

ಆರನೆಯ ಹಂತ: ಮೋಸಗೊಳಿಸುವ ಮರಗಳನ್ನು ಒಂದೊಂದಾಗಿ ಬಿಡಿಸುವುದು

ಚನ್ನಂಗಿಯ ವಿಷಯವನ್ನು ಮೇಲೆ ಹೇಳಿದ್ದೇನೆ. ಸಿಪ್ಪೆಯೂ ಎಲೆಯ ಗಾತ್ರವೂ ಹತ್ತಿರಹತ್ತಿರ ಇರುವುದರಿಂದ ಅತ್ಯಂತ ಹೆಚ್ಚು ತಪ್ಪು ಆಗುವುದು ಅದರೊಂದಿಗೆ. ಎಳೆ ರೆಂಬೆ ಚೌಕ, ಹೂವು ಬಿಳಿ ಮತ್ತು ಪರಿಮಳದ್ದು, ಕಾಯಿ ಸುಮಾರು ಎರಡು ಸೆಂಟಿಮೀಟರ್ ಉದ್ದದ ಗಟ್ಟಿ ಡಬ್ಬಿಯಂತಿದ್ದು ಒಣಗಿದಾಗ ಮೂರು ನಾಲ್ಕು ಹೋಳಾಗಿ ಬಿರಿಯುತ್ತದೆ. ಬಿರಿದ ಖಾಲಿ ಡಬ್ಬಿಗಳು ಬಹುಕಾಲ ಮರದಲ್ಲೇ ಇರುವುದರಿಂದ ತಲೆಯೆತ್ತಿ ನೋಡುವ ಅಭ್ಯಾಸವಿದ್ದರೆ ಸಾಕು.

ಹೊಳೆಮತ್ತಿಯ ಕಾಂಡವೂ ನುಣುಪು, ಬಿಳುಪು, ಚಕ್ಕೆ ಬಿಡುವಂಥದ್ದು. ಆದರೆ ಅದರ ಮನೆ ಹಳ್ಳದ ದಂಡೆ. ಎಲೆ ಅಂಗೈಯಷ್ಟು ಉದ್ದ, ಕಾಯಿಗೆ ಐದು ಗಟ್ಟಿ ರೆಕ್ಕೆಗಳು. ಮೊದಲ ಹಂತದಲ್ಲಿ ನೆಲವನ್ನು ನೋಡಿದವರಿಗೆ ಇದು ತೊಡಕೇ ಆಗದು. ಮತ್ತಿ ಇನ್ನೂ ಸುಲಭ. ಮೊಸಳೆಯ ಬೆನ್ನಿನಂತೆ ಸೀಳಿದ ಕಪ್ಪು ಸಿಪ್ಪೆಯ ಆ ಮರವನ್ನು ಯಾರೂ ದಿಂಡಿಗವೆನ್ನಲಾರರು.

ಭೂತಾಳೆಯ ಕಾಂಡ ಇವೆಲ್ಲಕ್ಕಿಂತ ಬಿಳಿ, ಬೆಳದಿಂಗಳಲ್ಲಿ ಹೊಳೆಯುವಷ್ಟು. ಸಿಪ್ಪೆ ಕಾಗದದಂತೆ ಸುರುಳಿಯಾಗಿ ಏಳುತ್ತದೆ. ಎಲೆ ಅಂಗೈಯಂತೆ ಐದು ಹಾಲೆಗಳಾಗಿ ಒಡೆದಿರುವುದರಿಂದ, ಎಲೆ ಇರುವ ಕಾಲದಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಬಿಳಿಜಾಲಿಗೆ ಮುಳ್ಳುಗಳಿವೆ. ತಪಸಿಯ ಎಲೆಯನ್ನು ಹೊಸಕಿದರೆ ಕೆಟ್ಟ ವಾಸನೆ ಬರುತ್ತದೆ, ಅದರ ಬೀಜ ರೂಪಾಯಿ ನಾಣ್ಯದಂತೆ ದುಂಡಗಿನ ತೆಳು ರೆಕ್ಕೆಯ ನಡುವೆ ಕೂತಿರುತ್ತದೆ.

ಕಮರದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ದೂರದಿಂದ ಅದರ ಬಾಗಿದ ರೆಂಬೆಗಳೂ ಎಳೆಮರದ ಬಿಳಿಚಿದ ಕಾಂಡವೂ ದಿಂಡಿಗವನ್ನೇ ಹೋಲುತ್ತವೆ, ಒಣಸೀಮೆಯ ಗುಡ್ಡಗಳಲ್ಲಿ ಇವೆರಡೂ ಜೊತೆಯಾಗಿ ಬೆಳೆಯುವುದೂ ಉಂಟು. ಒಂದು ಎಲೆಯನ್ನು ನೋಡಿದರೆ ಬಗೆಹರಿಯುತ್ತದೆ: ಕಮರದ ತೊಟ್ಟಿನ ತುದಿಯಲ್ಲಿ ಎರಡು ಎಸಳುಗಳು, ಮಂದಾರದ ಎಲೆಯನ್ನು ನಡುವೆ ಪೂರ್ತಿ ಸೀಳಿದಂತೆ, ಎದುರುಬದುರಾಗಿ ನಿಂತಿರುತ್ತವೆ. ಬೆಟ್ಟದ ಮೈಯಲ್ಲಿ ಕಮರದ ಹಸಿರಿಗೆ ಬೂದಿಯ ಛಾಯೆ, ದಿಂಡಿಗದ್ದಕ್ಕೆ ಚಳಿಗಾಲದಲ್ಲಿ ತಾಮ್ರದ ಛಾಯೆ. ಎರಡನ್ನೂ ಅಕ್ಕಪಕ್ಕದಲ್ಲಿ ಒಮ್ಮೆ ನೋಡಿಬಿಟ್ಟರೆ ಆಮೇಲೆ ಬಸ್ಸಿನ ಕಿಟಕಿಯಿಂದಲೇ ಬೇರ್ಪಡಿಸಬಹುದು.

ಪೂರಕ ಗುರುತುಗಳು: ಗೋಂದು, ಕಟ್ಟಿಗೆ, ಹುಳು

ಬೇಸಿಗೆಯಲ್ಲಿ ಸಿಪ್ಪೆಯ ಬಿರುಕಿನಿಂದ ಅಥವಾ ಹಳೆಯ ಗಾಯದಿಂದ ಗೋಂದು ಒಸರಿ ಗಟ್ಟಿಯಾಗಿರುವುದು ಕಾಣಸಿಗುತ್ತದೆ. ಗಾಜಿನಂತೆ ಹೊಳಪುಳ್ಳ ಹನಿಗಳು, ತಿಳಿಹಳದಿಯಿಂದ ಕಡುಕಂದಿನವರೆಗೆ ಬಣ್ಣ. ವ್ಯಾಪಾರದಲ್ಲಿ ಘಟ್ಟಿ ಗೋಂದು ಎಂದು ಕರೆಯುವುದು ಇದನ್ನೇ. ಹಿಂದೆ ಬೆಟ್ಟದ ಘಾಟಿಗಳ ದಾರಿಯಲ್ಲಿ ಸಾಗಿಬರುತ್ತಿದ್ದುದರಿಂದ ಆ ಹೆಸರು. ಎಣ್ಣೆ ಮತ್ತು ನೀರನ್ನು ಬೇರ್ಪಡದಂತೆ ಹಿಡಿದಿಡುವ ಗುಣವಿರುವುದರಿಂದ ಆಹಾರ ಮತ್ತು ಔಷಧ ತಯಾರಿಕೆಯಲ್ಲಿ ಇದಕ್ಕೆ ಬೇಡಿಕೆಯಿದೆ. ಗೋಂದು ಕಂಡರೆ ಫೋಟೊ ತೆಗೆದುಕೊಳ್ಳಿ, ಗೋಂದು ನೋಡಬೇಕೆಂದು ಮರವನ್ನು ಗಾಯಗೊಳಿಸಬೇಡಿ. ಕಗ್ಗಲಿ, ಬೇವುಗಳಲ್ಲೂ ಗೋಂದು ಬರುವುದರಿಂದ ಇದು ಒಂಟಿಯಾಗಿ ಸಾಕ್ಷಿಯಾಗದು.

ಕಟ್ಟಿಗೆಯ ಗುರುತು ಈಗ ಕಾಡಿಗಿಂತ ಹಳೆಯ ಮನೆಗಳ ಅಟ್ಟದಲ್ಲಿ ಸಿಗುತ್ತದೆ. ದಿಂಡಿಗದ ಕಟ್ಟಿಗೆ ಭಾರ, ಗಟ್ಟಿ, ಅದಕ್ಕಿಂತ ಮಿಗಿಲಾಗಿ ಬಾಗಿದರೂ ಥಟ್ಟನೆ ಮುರಿಯದ ಜಿಗುಟು. ಎತ್ತಿನ ಗಾಡಿಗಳಿಗೆ ಮರದ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಬಡಗಿಗಳು ಇದನ್ನು ಹುಡುಕಿ ತರುತ್ತಿದ್ದುದು ಆ ಜಿಗುಟಿಗಾಗಿ. ಅಚ್ಚಿನ ಮರ ಎಂಬ ಅರ್ಥದ ಹೆಸರೇ ಇಂಗ್ಲಿಷಿನಲ್ಲಿ ಇದಕ್ಕೆ ನಿಂತಿದೆ. ಕೊಡಲಿಯ ಕಾವು, ಗುದ್ದಲಿಯ ಕಾವುಗಳಿಗೆ ಈಗಲೂ ಇದನ್ನೇ ಮೆಚ್ಚುವವರಿದ್ದಾರೆ. ನಿಮ್ಮ ಊರಿನಲ್ಲಿ ವಯಸ್ಸಾದ ಬಡಗಿ ಇದ್ದರೆ ಬೆಟ್ಟಕ್ಕೆ ಹೋಗುವ ಮುನ್ನ ಅವರೊಡನೆ ಅರ್ಧ ಗಂಟೆ ಕುಳಿತು ಮಾತನಾಡಿ. ಯಾವ ಗುಡ್ಡದ ಯಾವ ಮಗ್ಗುಲಿನಲ್ಲಿ ದಿಂಡಿಗ ಚೆನ್ನಾಗಿತ್ತು ಎಂಬ ತಿಳಿವಳಿಕೆ ಅವರಲ್ಲಿರುತ್ತದೆ.

ಎಲೆಯ ಮೇಲೆ ದಪ್ಪ ಹಸಿರು ಕಂಬಳಿಹುಳುವೋ, ಕೊಂಬೆಗೆ ತೊಟ್ಟಿನಿಂದ ಜೋತುಬಿದ್ದ ಗಟ್ಟಿ ಗೂಡೋ ಕಂಡರೆ ಅದು ಟಸರ್ ರೇಷ್ಮೆಹುಳುವಿನದ್ದಿರಬಹುದು. ಮತ್ತಿ, ಹೊಳೆಮತ್ತಿಗಳ ಜೊತೆಗೆ ದಿಂಡಿಗದ ಎಲೆಯೂ ಅದಕ್ಕೆ ಆಹಾರ.

ಕೊನೆಯ ಹಂತ: ದಾಖಲಿಸುವುದು

ಗುರುತಿಸಿದ ಮರವನ್ನು ಬರೆದಿಡದಿದ್ದರೆ ಮುಂದಿನ ವರ್ಷ ಅದೇ ಅನುಮಾನದಿಂದ ಮತ್ತೆ ಆರಂಭಿಸಬೇಕಾಗುತ್ತದೆ. ಪ್ರತಿ ಮರಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಮೀಸಲಿಡಿ. ದಿನಾಂಕ, ಜಾಗ, ಇಳಿಜಾರು ಯಾವ ದಿಕ್ಕಿಗೆ ಮುಖಮಾಡಿದೆ, ಮಣ್ಣಿನ ಬಗೆ, ಸುತ್ತ ಹತ್ತು ಹೆಜ್ಜೆಯೊಳಗಿನ ಇತರ ಮರಗಳು, ಕಾಂಡಗಳ ಸಂಖ್ಯೆ. ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ತೆಗೆಯಬೇಕು. ನಮ್ಮ ಅರಣ್ಯ ಇಲಾಖೆಗಳು ಎದೆಯೆತ್ತರವೆಂದು ಒಪ್ಪಿರುವ ಅಳತೆ ಅದು. ಇಳಿಜಾರಿನಲ್ಲಿ ನಿಂತ ಮರವನ್ನು ಮೇಲ್ಬದಿಯಿಂದ ಅಳೆಯಿರಿ. ಬುಡದಲ್ಲೇ ಕವಲೊಡೆದಿದ್ದರೆ ಒಂದೊಂದು ಕಾಂಡವನ್ನೂ ಬೇರೆಬೇರೆಯಾಗಿ ಅಳೆದು ಬರೆಯಿರಿ.

ಫೋಟೊಗಳು ಐದು ಇರಲಿ: ಇಡೀ ಮರ, ಓರೆಬಿಸಿಲಿನಲ್ಲಿ ಸಿಪ್ಪೆ, ರೆಂಬೆಯ ಮೇಲಿನ ಎಲೆಗಳ ಜೋಡಣೆ, ಎಲೆಯ ಹಿಂಬದಿ, ಅಂಗೈಮೇಲೆ ಬಿಡಿಸಿದ ಕಾಯಿ. ಬರೀ ಕಾಂಡದ ಫೋಟೊ ಕಳಿಸಿ ಇದು ಯಾವ ಮರ ಎಂದು ಕೇಳುವವರಿಗೆ ಎಷ್ಟೇ ತಿಳಿದವರಾದರೂ ಉತ್ತರ ಕೊಡಲಾರರು. ಈ ಐದೂ ಇದ್ದರೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂತಹ ತಾಣದಲ್ಲಿ ಸೇರಿಸಿ, ಬೇರೆಯವರಿಂದ ಖಚಿತಪಡಿಸಿಕೊಳ್ಳಬಹುದು.

ಚಳಿಗಾಲದಲ್ಲಿ ಹೀಗೆ ಬರೆದಿಟ್ಟ ಪುಟದ ಕೆಳಗೆ ಅರ್ಧ ಜಾಗವನ್ನು ಖಾಲಿ ಬಿಡಿ. ಆಷಾಢದ ಗಾಳಿ ಬೀಸತೊಡಗಿದ ಮೇಲೆ ಅದೇ ಮರದ ಬಳಿಗೆ ಮತ್ತೆ ಹೋಗಿ, ಹಸಿರುಹಳದಿ ಚೆಂಡುಗಳು ಮೂಡಿವೆಯೇ ಎಂದು ನೋಡಿ, ಎಳೆ ರೆಂಬೆಯನ್ನು ಬೆರಳಿನಲ್ಲಿ ಇನ್ನೊಮ್ಮೆ ತಿರುವಿ, ಹೂವಿನ ಹತ್ತು ಕೇಸರಗಳನ್ನು ಎಣಿಸಿ ಆ ಜಾಗವನ್ನು ತುಂಬಿಸಿ.